ಬಾಣಲೆಗೆ ಬಂದ ಅತಿಥಿ

ಸಸ್ಯಾಹಾರಿ ಮನೆಗಳ ಸಂಜೆಯ ತಿಂಡಿಯೆಂದರೆ ಮೊದಲು ನೆನಪಾಗುವುದು ಆಲೂಗಡ್ಡೆ ಬೋಂಡ. ಆದರೆ ಈ ಗಡ್ಡೆ ನಮ್ಮ ನೆಲದ್ದಲ್ಲ. ಅದನ್ನು ಸಾವಿರಾರು ವರ್ಷಗಳ ಹಿಂದೆ ಬೆಳೆಯಲು ಕಲಿತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಜನ. 16ನೇ ಶತಮಾನದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದರು. ಅಲ್ಲಿಂದ ಹಡಗುಗಳಲ್ಲಿ ಭಾರತಕ್ಕೆ ಬಂತು. ನಾವು ಕರಿಯುವ ಸಿಹಿಗೆಣಸು, ಮರಗೆಣಸು, ಬೋಂಡಕ್ಕೆ ಖಾರ ಕೊಡುವ ಮೆಣಸಿನಕಾಯಿ ಕೂಡ ಅಮೆರಿಕ ಖಂಡದಿಂದಲೇ ಬಂದವು.

ಕರಿಯುವ ವಿದ್ಯೆ ಮಾತ್ರ ಇಲ್ಲಿ ಹಳೆಯದು. 12ನೇ ಶತಮಾನದ ಕಲ್ಯಾಣ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಉದ್ದಿನ ವಡೆಯ ವರ್ಣನೆಯಿದೆ. ಆಗ ಇಲ್ಲಿದ್ದುದು ಸುವರ್ಣಗಡ್ಡೆ, ಕೆಸುವಿನ ಗಡ್ಡೆ. ಬಾಯಿ ತುರಿಸದಂತೆ ಇವನ್ನು ಹುಣಸೆ ಹುಳಿಯಲ್ಲಿ ಬೇಯಿಸಬೇಕು, ಆಮೇಲೆ ಎಣ್ಣೆಗೆ ಬಿಡಬೇಕು. ಆಲೂಗಡ್ಡೆಗೆ ಆ ಕಷ್ಟವಿಲ್ಲ. ಬೇಯಿಸಿ, ಹಿಸುಕಿ, ಕಡಲೆಹಿಟ್ಟಿನಲ್ಲಿ ಅದ್ದಿ ಬಿಟ್ಟರಾಯಿತು.

ಭಾಷೆಯೂ ಈ ಅತಿಥಿಗೆ ಜಾಗ ಕೊಟ್ಟಿತು. ಕರಾವಳಿಯ ‘ಬಟಾಟೆ’ ಪೋರ್ಚುಗೀಸ್ ಪದ. ‘ಆಲು’ ಎಂಬುದು ಗಡ್ಡೆಗಳಿಗಿದ್ದ ಹಳೆಯ ಸಂಸ್ಕೃತ ಹೆಸರು. ಅದಕ್ಕೆ ಕನ್ನಡದ ‘ಗಡ್ಡೆ’ ಸೇರಿ ಆಲೂಗಡ್ಡೆಯಾಯಿತು.

ಎಲ್ಲರೂ ಒಪ್ಪಿದರೆಂದಲ್ಲ. ನಿಷ್ಠಾವಂತ ಜೈನರು ಜೀವಹಿಂಸೆಯ ಕಾರಣಕ್ಕೆ ಗಡ್ಡೆಗಳನ್ನೇ ತಿನ್ನುವುದಿಲ್ಲ. ಕೆಲವು ಬ್ರಾಹ್ಮಣ ಮನೆಗಳ ಶ್ರಾದ್ಧದ ಅಡುಗೆಗೆ ಆಲೂಗಡ್ಡೆ ಇಂದಿಗೂ ಸಲ್ಲದು. ಅವರವರ ವ್ರತ ಅವರವರದು, ಅದನ್ನು ಗೌರವಿಸೋಣ. ಆದರೆ ಆಹಾರದ ಹೆಸರಿನಲ್ಲಿ ನೆರೆಯವರನ್ನು ‘ನಮ್ಮವರು’, ‘ಹೊರಗಿನವರು’ ಎಂದು ವಿಂಗಡಿಸುವವರು ಒಮ್ಮೆ ತಮ್ಮ ತಟ್ಟೆಯನ್ನೇ ನೋಡಿಕೊಳ್ಳಲಿ. ಹೊರಗಿನಿಂದ ಬಂದದ್ದನ್ನೆಲ್ಲ ತೆಗೆದಿಟ್ಟರೆ ಅದರಲ್ಲಿ ಬೋಂಡವೂ ಉಳಿಯದು, ಖಾರವೂ ಉಳಿಯದು.