ಸಾಸಿವೆ ಡಬ್ಬಿಯ ದುಡ್ಡು ಯಾರದು?

ಉಳಿತಾಯ ಮಾಡಿ ಎಂದು ಹೆಂಗಸರಿಗೆ ಉಪದೇಶ ಮಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ತಿಂಗಳ ಮೊದಲಲ್ಲಿ ಎಣಿಸಿ ಕೊಟ್ಟ ದುಡ್ಡಿನಲ್ಲಿ ಹಾಲು, ದಿನಸಿ, ಮಕ್ಕಳ ಫೀಸು, ನೆಂಟರ ಮನೆಯ ಮದುವೆಯ ಮುಯ್ಯಿ ಎಲ್ಲವನ್ನೂ ತೂಗಿಸಿ, ಕೊನೆಗೆ 50 ರೂಪಾಯಿಯನ್ನೋ 100 ರೂಪಾಯಿಯನ್ನೋ ಮಿಗಿಸುವ ವಿದ್ಯೆ ನಮಗೆ ಯಾವ ಶಾಲೆಯಿಂದಲೂ ಬಂದದ್ದಲ್ಲ. ನನ್ನ ಅಜ್ಜಿ ಅನ್ನಕ್ಕೆಂದು ಅಳೆದ ಅಕ್ಕಿಯಲ್ಲಿ ದಿನಕ್ಕೊಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಿದ್ದರು. ಅಮ್ಮ ಹಳೆಯ ಪೇಪರು, ಖಾಲಿ ಡಬ್ಬ ಮಾರಿದ ಚಿಲ್ಲರೆಯನ್ನು ಸಾಸಿವೆ ಡಬ್ಬಿಗೆ ಸೇರಿಸುತ್ತಿದ್ದಳು. ಅವಳು ಕೊಟ್ಟ ನೋಟುಗಳಿಗೆ ಒಗ್ಗರಣೆ ಸಾಮಾನಿನ ವಾಸನೆ ಇರುತ್ತಿತ್ತು.

ಉಳಿಸುವುದು ನಮಗೆ ಎಂದೂ ಕಷ್ಟವಾಗಿರಲಿಲ್ಲ. ಉಳಿದದ್ದು ಯಾರದು ಎಂಬುದೇ ಕಷ್ಟದ ಪ್ರಶ್ನೆ. ಅಮ್ಮನನ್ನು ಕೇಳಿದರೆ "ಮನೇದು ಕಣೇ" ಎನ್ನುತ್ತಿದ್ದಳು. ಮನೆಯದೇ ಆದರೆ ಬಚ್ಚಿಡುವುದೇಕೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಅದು ನಮ್ಮನ್ನು ಬಹಳ ಹಿಂದಕ್ಕೆ ಕರೆದೊಯ್ಯುತ್ತದೆ.

ನಮ್ಮ ಧರ್ಮಶಾಸ್ತ್ರಗಳು ಹೆಣ್ಣಿನ ಸ್ವಂತ ಆಸ್ತಿಯನ್ನು ಸ್ತ್ರೀಧನ ಎಂದು ಕರೆದವು. ಮದುವೆಯ ಹೊತ್ತಿನಲ್ಲಿ ಬಂದದ್ದು, ತವರಿನವರು ಕೊಟ್ಟದ್ದು, ಗಂಡ ಪ್ರೀತಿಯಿಂದ ಕೊಟ್ಟದ್ದು ಅವಳದು. ಆದರೆ ಅವಳು ಕೈಕೆಲಸ ಮಾಡಿ ಗಳಿಸಿದ್ದರ ಮೇಲೆ ಗಂಡನಿಗೇ ಅಧಿಕಾರ ಎಂದು ಕಾತ್ಯಾಯನ ಸ್ಮೃತಿ ಹೇಳಿತು. ಯಾರೋ ಕೊಟ್ಟದ್ದು ಅವಳದು, ತಾನೇ ದುಡಿದದ್ದು ಅವಳದಲ್ಲ! ಇದಕ್ಕೆ ಬೇರೆಯೇ ದಾರಿ ಹಿಡಿದವನು ನಮ್ಮ ನಾಡಿನಲ್ಲೇ ಇದ್ದ. ಸುಮಾರು 900 ವರ್ಷಗಳ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಸ್ತ್ರೀಧನ ಎಂಬ ಮಾತಿಗೆ ಅವನು ಕೊಟ್ಟದ್ದು ಸರಳವಾದ ಅರ್ಥ: ಹೆಣ್ಣಿನ ಧನ, ಅಷ್ಟೆ. ವಾರಸಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಅದರಲ್ಲಿ ಸೇರಿತು. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

ಆ ಅಗಲವಾದ ಅರ್ಥ ಉಳಿಯಲಿಲ್ಲ. ಬ್ರಿಟಿಷರ ಕಾಲದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ಒಪ್ಪಲಿಲ್ಲ. ಮುಂಬಯಿ ಪ್ರಾಂತದ ಕೆಲವು ಸಂದರ್ಭಗಳನ್ನು ಬಿಟ್ಟರೆ, ವಾರಸಾಗಿ ಬಂದ ಆಸ್ತಿಯನ್ನು ಹೆಣ್ಣು ಬದುಕಿರುವ ತನಕ ಅನುಭವಿಸಬಹುದಿತ್ತು, ಮನಸ್ಸು ಬಂದಂತೆ ಮಾರುವ ಹಾಗಿರಲಿಲ್ಲ. ಆದರೆ ಅದೇ ಸರ್ಕಾರ ಇನ್ನೊಂದು ಕಡೆ ಸಣ್ಣ ಕಿಂಡಿಯೊಂದನ್ನು ತೆರೆದಿತ್ತು. 1873ರ ಸರ್ಕಾರಿ ಉಳಿತಾಯ ಬ್ಯಾಂಕುಗಳ ಕಾಯಿದೆಯಲ್ಲಿ, ಮದುವೆಯಾದ ಹೆಂಗಸಿನ ಠೇವಣಿಯನ್ನು ಅವಳ ಕೈಗೇ ಕೊಡಬಹುದು, ಅವಳ ರಸೀದಿಯೇ ಸಾಕು ಎಂಬ ಮಾತು ಸೇರಿತು. 1882ರಲ್ಲಿ ಅಂಚೆ ಕಚೇರಿಗಳಲ್ಲಿ ಉಳಿತಾಯ ಬ್ಯಾಂಕು ಶುರುವಾಯಿತು. ಆದರೆ ಅಂಚೆ ಕಚೇರಿಯ ತನಕ ನಡೆದು ಹೋಗಬಲ್ಲ ಗೃಹಿಣಿಯರು ಆಗ ಎಷ್ಟು ಜನ ಇದ್ದಾರು?

ಹೊಸ್ತಿಲಿಗೇ ಬ್ಯಾಂಕನ್ನು ತಂದದ್ದು ಉಡುಪಿ. ಸಂಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಅಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬರೆದುಕೊಂಡು ಹೋಗುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಇದೇ ಸಂಸ್ಥೆ. ಬ್ಯಾಂಕಿನ ಮೆಟ್ಟಿಲು ಹತ್ತದ ಕೈಗಳಿಗೂ ಲೆಕ್ಕದ ಪುಸ್ತಕ ಸಿಕ್ಕಿತಲ್ಲ, ಅದನ್ನು ನಾನು ದೊಡ್ಡ ಮಾತೆಂದೇ ತಿಳಿಯುತ್ತೇನೆ.

ಕಾನೂನೂ ನಿಧಾನವಾಗಿ ಹಾದಿಗೆ ಬಂತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಮಾಡಿ ಸ್ತ್ರೀಧನದ ಅರ್ಥವನ್ನು ಹಿಗ್ಗಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇನ್ನೂ ಮುಂದೆ ಹೋಗಿ, ವಾರಸಾಗಿ ಬಂದದ್ದು, ಪಾಲಿನಲ್ಲಿ ಸಿಕ್ಕಿದ್ದು, ಕೊಂಡದ್ದು, ತನ್ನ ಕೌಶಲದಿಂದಲೋ ದುಡಿಮೆಯಿಂದಲೋ ಗಳಿಸಿದ್ದು, ಎಲ್ಲಕ್ಕೂ ಅವಳೇ ಪೂರ್ಣ ಒಡತಿ ಎಂದು ಸಾರಿತು. ಕಾತ್ಯಾಯನ ಕಿತ್ತುಕೊಂಡದ್ದೂ ವಿಜ್ಞಾನೇಶ್ವರ ಕೊಟ್ಟದ್ದೂ ಕೊನೆಗೆ ಒಂದೇ ಸಾಲಿನಲ್ಲಿ ಹೆಣ್ಣಿನ ಕೈಸೇರಿದವು.

ಸಾಸಿವೆ ಡಬ್ಬಿಯ ಪ್ರಶ್ನೆ ಮಾತ್ರ ಎಲ್ಲ ದೇಶಗಳಲ್ಲೂ ಇತ್ತು. ಇಂಗ್ಲೆಂಡಿನಲ್ಲಿ ಗಂಡ ಮನೆಖರ್ಚಿಗೆ ಕೊಟ್ಟದ್ದರಲ್ಲಿ 100 ಪೌಂಡಿಗೂ ತುಸು ಹೆಚ್ಚು ಉಳಿಸಿ ಸಹಕಾರಿ ಸಂಘದಲ್ಲಿ ಇಟ್ಟಿದ್ದ ಹೆಂಗಸೊಬ್ಬಳಿಗೆ, 1943ರಲ್ಲಿ ಅಲ್ಲಿಯ ನ್ಯಾಯಾಲಯ 'ಅದು ಗಂಡನ ದುಡ್ಡು' ಎಂದು ತೀರ್ಪು ಕೊಟ್ಟಿತು. ಬೇರೆ ಒಪ್ಪಂದವಿಲ್ಲದಿದ್ದರೆ ಇಬ್ಬರಿಗೂ ಸಮಪಾಲು ಎಂಬ ಕಾನೂನು ಬರಲು 1964ರ ತನಕ ಕಾಯಬೇಕಾಯಿತು.

ನಮ್ಮಲ್ಲಿ ಆ ಡಬ್ಬಿಗಳ ಮುಚ್ಚಳ ತೆರೆದದ್ದು ನ್ಯಾಯಾಲಯದಲ್ಲಲ್ಲ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದವು. ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಕಟ್ಟಿದರೆ ತೆರಿಗೆಯವರು ಕೇಳುವುದಿಲ್ಲ ಎಂದು ಸರ್ಕಾರ ಧೈರ್ಯ ಹೇಳಿತು. ಆದರೆ ಮನೆಯಲ್ಲಿ ಕೇಳುವವರು ಇದ್ದರಲ್ಲ! ನಮ್ಮ ಬೀದಿಯ ಒಬ್ಬರು ಸೀರೆಗಳ ಮಡಿಕೆಯಿಂದ ನೋಟುಗಳನ್ನು ತೆಗೆದು ಗಂಡನ ಮುಂದಿಟ್ಟರು. ಆತ ನಗುತ್ತಲೇ, "ಇಷ್ಟೊಂದು ಯಾವಾಗ ಕದ್ದೆ?" ಎಂದರಂತೆ. ಆಕೆಯ ಹೆಸರಿನಲ್ಲಿ ಖಾತೆ ಇರಲಿಲ್ಲ. ಇಪ್ಪತ್ತು ವರ್ಷಗಳ ಉಳಿತಾಯ ಆತನ ಖಾತೆಗೆ ಹೋಯಿತು. "ಎಲ್ಲಿಗೂ ಹೋಗಿಲ್ಲ ಬಿಡಿ, ಮನೇಲೇ ಇದೆ" ಎಂದು ಆಕೆ ನನಗೆ ಹೇಳಿದಾಗ ಮುಖ ಮಾತ್ರ ಬೇರೆ ಹೇಳುತ್ತಿತ್ತು. ಈಗ ಮಗಳ ಕಿವಿಗೊಂದು ಓಲೆ ಕೊಳ್ಳಬೇಕಾದರೂ ಆಕೆ ಕೇಳಿಯೇ ತೆಗೆದುಕೊಳ್ಳಬೇಕು.

ಗಂಡಂದಿರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆ ಯಜಮಾನರೂ ಸಭ್ಯರೇ. ಆದರೆ ಬಚ್ಚಿಟ್ಟ ದುಡ್ಡಿಗೆ ಸಾಕ್ಷಿ ಇರುವುದಿಲ್ಲ. ಕಾನೂನು ಒಡತಿ ಎಂದು ಒಪ್ಪಿದರೂ ಯಾವುದಕ್ಕೆ ಒಡತಿ ಎಂದು ತೋರಿಸಲು ಒಂದು ಕಾಗದ ಬೇಕು. ಆದ್ದರಿಂದ ಡಬ್ಬಿ ತುಂಬಿದಾಗಲೆಲ್ಲ ಅದನ್ನು ಬ್ಯಾಂಕಿಗೋ ಅಂಚೆ ಕಚೇರಿಗೋ ಮುಟ್ಟಿಸುವುದು ಒಳ್ಳೆಯದು. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಯಾರ ಹೆಸರಿದೆ ಎಂದೂ ನೋಡಿಕೊಳ್ಳಿ. ನಾಮಿನಿ ಎಂದು ಬರೆದಿದ್ದಾರೆಂದು ಸಮಾಧಾನ ಪಡಬೇಡಿ. ನಾಮಿನಿಗೆ ಖಾತೆದಾರರು ತೀರಿಹೋದ ಮೇಲೆ ದುಡ್ಡು ಪಡೆದುಕೊಳ್ಳುವ ಹಕ್ಕಷ್ಟೇ, ಅದು ಒಡೆತನವಲ್ಲ. ನಿಮ್ಮದೇ ಹೆಸರಿನ ಒಂದು ಖಾತೆ ಇರಲಿ, ಅದನ್ನು ಮನೆಯವರಿಗೆ ಹೇಳಿಯೇ ತೆರೆಯಿರಿ. ಸಾಸಿವೆ ಡಬ್ಬಿಯಲ್ಲಿ ಇನ್ನು ಮೇಲೆ ಸಾಸಿವೆ ಇದ್ದರೆ ಸಾಕು.