ಬೆಂಗಳೂರಿನ ಉದ್ಯಾನಗಳು: ಯೋಜನೆ ಮತ್ತು ಹಣಕಾಸು

ಬೆಂಗಳೂರಿನ ಉದ್ಯಾನಗಳಿಗೆ ಯಜಮಾನರು ಹಲವರು. ಲಾಲ್‌ಬಾಗ್ ಹಾಗೂ 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಪಾರ್ಕ್ ರಾಜ್ಯದ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ಬಡಾವಣೆಯ ಪಾರ್ಕುಗಳು ಬಹುಪಾಲು ನಗರಾಡಳಿತದವು. ಹಣದ ದಾರಿಯೂ ಅದಕ್ಕೆ ತಕ್ಕಂತೆ ಬೇರೆ ಬೇರೆ.

ಮೊದಲು ಜಾಗ ಬೇಕು. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಹೊಸ ಬಡಾವಣೆಯ ಕನಿಷ್ಠ ಶೇ 15ರಷ್ಟು ನೆಲವನ್ನು ಪಾರ್ಕು, ಆಟದ ಮೈದಾನಗಳಿಗೆ ಮೀಸಲಿಡಬೇಕೆನ್ನುತ್ತದೆ. ಆದರೆ ನಕ್ಷೆಯಲ್ಲಿ ಹಸಿರು ಬಳಿದ ಮಾತ್ರಕ್ಕೆ ನೆಲ ಉಳಿಯುವುದಿಲ್ಲ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ನಿವಾಸಿಗಳು ಕೋರ್ಟ್ ಮೆಟ್ಟಿಲೇರಿದರು. ಹೈಕೋರ್ಟ್ ಮಂಜೂರಾತಿಯನ್ನು ರದ್ದುಮಾಡಿತು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಹೊಸ ಕಾಮಗಾರಿಗೆ ದುಡ್ಡು ಹುಟ್ಟುವುದು ಅಷ್ಟು ಕಷ್ಟವಲ್ಲ, ಉದ್ಘಾಟನೆಯ ಫಲಕ ಹಾಕಿಸಬಹುದಲ್ಲ! ಕಬ್ಬನ್ ಪಾರ್ಕಿನ ನಡಿಗೆ ಹಾದಿಗಳಿಗೆ ಸ್ಮಾರ್ಟ್ ಸಿಟಿ ಅನುದಾನ ಬಂತು. ನೀರು ಹಾಯಿಸುವುದು, ಕಳೆ ಕೀಳುವುದು, ಕಾವಲುಗಾರನ ಸಂಬಳ ಇವೆಲ್ಲ ವರ್ಷವರ್ಷದ ಬಜೆಟ್ಟನ್ನೇ ನಂಬಿಕೊಂಡಿವೆ. ಬಡಾವಣೆಯ ಪಾರ್ಕುಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಗುತ್ತಿಗೆದಾರರದು.

ಲಾಲ್‌ಬಾಗಿಗೆ ಮಾತ್ರ ಟಿಕೆಟ್ಟಿನ ಆಸರೆಯಿದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಆಸುಪಾಸಿನಲ್ಲಿ ಗಾಜಿನಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಜನ ಸಾಲುಗಟ್ಟುತ್ತಾರೆ. ಕಬ್ಬನ್ ಪಾರ್ಕಿಗೆ ಪ್ರವೇಶ ಉಚಿತ.