ಕಲಾಯಿ: ಅಡುಗೆ ಪಾತ್ರೆಯ ತವರದ ಲೇಪ

ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಬಳಿಯುವ ಕೆಲಸವೇ ಕಲಾಯಿ. ಹುಣಸೆಹುಳಿ, ಮಜ್ಜಿಗೆ, ನಿಂಬೆರಸ ತಗುಲಿದರೆ ಈ ಪಾತ್ರೆಗಳ ತಾಮ್ರ ಕರಗಿ ಅಡುಗೆಗೆ ಇಳಿಯುತ್ತದೆ. ರುಚಿ ಕೆಡುವುದಲ್ಲದೆ, ಪ್ರಮಾಣ ಹೆಚ್ಚಾದರೆ ಉಂಡವರಿಗೆ ವಾಂತಿ, ಹೊಟ್ಟೆನೋವು ಬರುತ್ತದೆ. ತವರ ಹುಳಿಗೆ ಅಷ್ಟು ಸುಲಭವಾಗಿ ಕರಗದು. ಹೀಗಾಗಿ ಸಾರು, ಹುಳಿ ಕುದಿಸುವ ಕೊಳಗ, ತಪ್ಪಲೆಗಳಿಗೆ ಕಲಾಯಿ ಬೇಕೇ ಬೇಕು. ಸ್ನಾನದ ನೀರು ಕಾಯಿಸುವ ಹಂಡೆಗೆ ಬೇಕಿಲ್ಲ.

ಈ ಲೇಪ ಬಹಳ ತೆಳು. ಸೌಟಿನ ಉಜ್ಜಾಟಕ್ಕೂ ಬೂದಿ ಹಾಕಿ ತಿಕ್ಕುವುದಕ್ಕೂ ಸವೆಯುತ್ತದೆ. ಅಬುಲ್ ಫಜಲ್ ರಚಿಸಿದ ‘ಐನ್-ಇ-ಅಕ್ಬರಿ’ಯ ಪ್ರಕಾರ ಅಕ್ಬರನ ಅಡುಗೆಮನೆಯ ತಾಮ್ರದ ಪಾತ್ರೆಗಳಿಗೆ ತಿಂಗಳಿಗೆ ಎರಡು ಬಾರಿ, ರಾಜಕುಮಾರರ ಪಾತ್ರೆಗಳಿಗೆ ಒಂದು ಬಾರಿ ಕಲಾಯಿ ಆಗುತ್ತಿತ್ತು. ಸಾಮಾನ್ಯ ಮನೆಗಳಲ್ಲಿ ಒಳಗಿನ ಕೆಂಪು ಅಥವಾ ಹಳದಿ ಬಣ್ಣ ಇಣುಕಿದಾಗ ಪಾತ್ರೆ ಹೊರಗೆ ಬರುತ್ತಿತ್ತು. ಹಬ್ಬ, ಮದುವೆಗಳ ಮುಂಚೆ ಕೆಲಸ ಹೆಚ್ಚು. ಕರ್ನಾಟಕದ ಹಲವು ಊರುಗಳಲ್ಲಿ ಮುಸ್ಲಿಂ ಕುಟುಂಬಗಳು ಈ ಕಸುಬನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದು, ಕಲಾಯಿ ಸಾಬರೆಂದೇ ಜನ ಅವರನ್ನು ಕರೆಯುತ್ತಿದ್ದರು.

ಕಲಾಯಿಗಾರ ಬೀದಿಯಲ್ಲೋ ಮರದಡಿಯಲ್ಲೋ ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿಯ ಕೊಳವೆ ಜೋಡಿಸುತ್ತಿದ್ದ. ಮೊದಲು ಹುಣಸೆಹಣ್ಣು, ಮರಳು ಹಾಕಿ ತಿಕ್ಕಿ ಜಿಡ್ಡು, ಕಿಲುಬು ತೆಗೆಯಬೇಕು. ದೊಡ್ಡ ಪಾತ್ರೆಯಾದರೆ ಅದರೊಳಗೇ ನಿಂತು ಕಾಲಿನಿಂದ ಮರಳು ಉಜ್ಜುವುದುಂಟು. ಪಾತ್ರೆ ಚೆನ್ನಾಗಿ ಕಾದ ಮೇಲೆ ನವಸಾಗರದ ಪುಡಿ ಉದುರಿಸಿದರೆ ದಟ್ಟ ಬಿಳಿ ಹೊಗೆ ಏಳುತ್ತದೆ. ಕಾವಿಗೆ ನವಸಾಗರ ಒಡೆದು ಹೊಮ್ಮುವ ಆಮ್ಲ, ಲೋಹದ ಮೇಲಿನ ಆಕ್ಸೈಡ್ ಪದರವನ್ನು ಕಳೆಯುತ್ತದೆ. ಆ ಪದರ ಉಳಿದರೆ ತವರ ಹಿಡಿಯದೆ ಹನಿಹನಿಯಾಗಿ ಜಾರುತ್ತದೆ. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು; ಕಡ್ಡಿಯನ್ನು ಕಾದ ಪಾತ್ರೆಗೆ ಮುಟ್ಟಿಸಿ, ಕರಗಿದ್ದನ್ನು ಅರಳೆಯಿಂದ ಸುತ್ತಲೂ ಸವರಿ, ಪಾತ್ರೆಯನ್ನು ನೀರಿಗೆ ಅದ್ದಿದರೆ ಕೆಲಸ ಮುಗಿಯಿತು. ಕಾವು ಕಡಿಮೆಯಾದರೆ ತವರ ಗಂಟುಗಟ್ಟುತ್ತದೆ, ಹೆಚ್ಚಾದರೆ ಹೊಳಪು ಹೋಗುತ್ತದೆ. ಕಸುಬುದಾರನ ಪಳಗುವಿಕೆ ಕಾಣುವುದು ಇಲ್ಲಿಯೇ.

ತವರ ದುಬಾರಿಯಾದ್ದರಿಂದ ಅಗ್ಗದ ಸೀಸ ಬೆರೆಸುವ ಮೋಸವೂ ಇತ್ತು. ಸೀಸ ವಿಷ, ಆಹಾರಕ್ಕೆ ಸೇರಿದರೆ ದೇಹದಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. ತಾಮ್ರದಿಂದ ಕಾಯಬೇಕಾದ ಲೇಪವೇ ಆಗ ಅದಕ್ಕಿಂತ ದೊಡ್ಡ ಕೇಡಾಗುತ್ತಿತ್ತು.

ಕಲಾಯಿ ಬೇಡದ ಪಾತ್ರೆಗಳು ಬಂದದ್ದೇ ಈ ಕಸುಬಿನ ಇಳಿಗಾಲಕ್ಕೆ ಕಾರಣ. 1898ರಲ್ಲಿ ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆ ಆರಂಭಿಸಿದರು. ಮುಂದೆ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರೂ ಆದರು. ಹಗುರವೂ ಅಗ್ಗವೂ ಆದ ಅಲ್ಯೂಮಿನಿಯಂ ಮೊದಲ ಪೆಟ್ಟು ಕೊಟ್ಟರೆ, ಸ್ವಾತಂತ್ರ್ಯಾನಂತರ ಹರಡಿದ ಸ್ಟೀಲ್ ಅದಕ್ಕಿಂತ ಬಲವಾದ ಪೆಟ್ಟು ಕೊಟ್ಟಿತು. ಹಿತ್ತಾಳೆಯನ್ನು ತೂಕಕ್ಕೆ ಹಾಕಿ ಸ್ಟೀಲ್ ಪಾತ್ರೆ ತಂದ ಮನೆಗಳು ಅಸಂಖ್ಯ.

ಈಗ ಕಲಾಯಿ ಹೆಚ್ಚಾಗಿ ದೇವಸ್ಥಾನಗಳ ಪಾಕಶಾಲೆ, ಮದುವೆ ಅಡುಗೆಯವರು ಮತ್ತು ಬಿರಿಯಾನಿಯ ದೊಡ್ಡ ದೇಗ್‌ಗಳನ್ನು ನೆಚ್ಚಿಕೊಂಡಿದೆ. ಹಲವೆಡೆ ತಿದಿಯ ಜಾಗಕ್ಕೆ ಬ್ಲೋವರ್ ಬಂದಿದೆ. ಹಿತ್ತಾಳೆ ಪಾತ್ರೆ ಮತ್ತೆ ಕೊಳ್ಳುತ್ತಿರುವ ನಗರವಾಸಿಗಳಿಂದಲೂ ಕೊಂಚ ಕೆಲಸ ಸಿಗುತ್ತಿದೆ.